ಮುರಿದ ಬೇಲಿ ಕಂಬ: ಹಳೆಯ ಬುಡ ಕೀಳದೆ ಹೊಸದು ನೆಡಬೇಡಿ

ಬೇಲಿಯ ಮರದ ಕಂಬ ಮುರಿದರೆ ಬಹಳಷ್ಟು ಕಡೆ ನಡೆಯುವುದು ಹೀಗೆ: ಮೇಲಿನ ತುಂಡನ್ನು ಬಿಸಾಡಿ, ಬುಡವನ್ನು ನೆಲದಲ್ಲೇ ಬಿಟ್ಟು, ಪಕ್ಕದಲ್ಲಿ ಗೇಣು ದೂರಕ್ಕೆ ಹೊಸ ಗೂಟ ಹೊಡೆಯುತ್ತಾರೆ. ಮುರಿದ ಜಾಗವನ್ನು ಒಮ್ಮೆ ಬಗ್ಗಿ ನೋಡಿದರೆ ಇದು ಯಾಕೆ ತಪ್ಪು ಎಂದು ತಿಳಿಯುತ್ತದೆ. ಕಂಬ ಲಡ್ಡಾಗುವುದು ಹೆಚ್ಚಾಗಿ ನೆಲಮಟ್ಟದಲ್ಲಿ, ಅದರ ಮೇಲೆ ಕೆಳಗೆ ನಾಲ್ಕೈದು ಅಂಗುಲದೊಳಗೆ. ಮರ ತಿನ್ನುವ ಶಿಲೀಂಧ್ರಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಮೇಲ್ಭಾಗದಲ್ಲಿ ಗಾಳಿಯಿದ್ದರೂ ಮರ ಬೇಗ ಒಣಗುತ್ತದೆ. ಆಳದಲ್ಲಿ ತೇವವಿದ್ದರೂ ಗಾಳಿ ಕಡಿಮೆ. ಎರಡೂ ಕೂಡುವುದು ನೆಲಮಟ್ಟದಲ್ಲಿ. ಗೆದ್ದಲು ಏರುವುದೂ ಮಣ್ಣಿನಿಂದಲೇ. ಹಾಗಾಗಿ ಕೊಳೆತ ಬುಡವನ್ನು ಉಳಿಸಿದರೆ ಹೊಸ ಕಂಬದ ಮಗ್ಗುಲಲ್ಲೇ ಗೆದ್ದಲಿಗೆ ಮೇವು ಇಟ್ಟಂತಾಗುತ್ತದೆ. ಬುಡ ಕರಗುತ್ತ ಹೋದಂತೆ ಅಲ್ಲಿ ಪೊಳ್ಳು ಬಿದ್ದು, ಆ ಕಡೆಯ ಮಣ್ಣು ಕಂಬಕ್ಕೆ ಆಸರೆ ಕೊಡುವುದನ್ನೂ ಬಿಡುತ್ತದೆ. ಬುಡ ಕೀಳುವ ಕೆಲಸಕ್ಕೆ ಕೂಲಿ ಹೆಚ್ಚು ಬೀಳುತ್ತದೆ ಎಂಬ ಮಾತು ಸುಳ್ಳಲ್ಲ. ಆದರೆ ಅದೇ ಜಾಗದಲ್ಲಿ ಮತ್ತೆ ಕಂಬ ಬಿದ್ದರೆ ಆ ಕೂಲಿ ಎರಡನೆಯ ಸಲ ಬೀಳುತ್ತದೆ, ಜೊತೆಗೆ ಕಂಡಿ ಬಿದ್ದ ಜಾಗದಲ್ಲಿ ದನ ನುಗ್ಗಿದ ನಷ್ಟವೂ ಸೇರುತ್ತದೆ.

ಕೀಳುವ ಮೊದಲು ತಂತಿಯ ಕಡೆ ಗಮನ ಕೊಡಿ. ಬಿಗಿಯಾಗಿರುವ ಮುಳ್ಳುತಂತಿಯನ್ನು ಒಮ್ಮೆಲೇ ಬಿಡಿಸಿದರೆ ಅದು ಚಿಮ್ಮಿ ಮುಖಕ್ಕೆ ಹೊಡೆಯಬಹುದು. ಎರಡೂ ಬದಿ ತಾತ್ಕಾಲಿಕ ಗೂಟ ನೆಟ್ಟು ತಂತಿಯನ್ನು ಅವಕ್ಕೆ ಕಟ್ಟಿ, ಆಮೇಲೆ ಕಂಬದ ಮೊಳೆ ಕೀಳಬೇಕು. ಕೈಗೆ ದಪ್ಪ ಗವಸು ಇರಲಿ. ಸೌರ ಬೇಲಿಯಾದರೆ ಮೊದಲು ಯಂತ್ರವನ್ನು ಬಂದ್ ಮಾಡಿ. ಬುಡದ ಒಂದೇ ಬದಿಯಲ್ಲಿ ಹಾರೆಯಿಂದ ಅಗೆದು, ಅದನ್ನು ಆ ಬದಿಗೆ ವಾಲಿಸಿ ಎತ್ತಿದರೆ ಗುಂಡಿ ಹೆಚ್ಚು ಅಗಲವಾಗುವುದಿಲ್ಲ. ಬುಡ ಗಟ್ಟಿಯಿದ್ದರೆ ಸರಪಳಿ ಸುತ್ತಿ, ಕಲ್ಲಿನ ಮೇಲೆ ಉದ್ದನೆಯ ಮರ ಇಟ್ಟು ಮೀಟಬಹುದು. ಹಿಂದಿನ ದಿನ ಸಂಜೆ ಬುಡಕ್ಕೆ ನೀರು ಹನಿಸಿಟ್ಟರೆ ಬೇಸಿಗೆಯ ಮಣ್ಣೂ ಮೆತ್ತಗಾಗುತ್ತದೆ.

ಕಂಬ ನಿಲ್ಲುವುದು ಮಣ್ಣಿನ ಹಿಡಿತದಿಂದ, ಆದ್ದರಿಂದ ನಿಜವಾದ ಕೆಲಸ ಇಲ್ಲಿಂದ ಮುಂದಿನದು. 7 ಅಡಿಯ ಕಂಬಕ್ಕೆ 2 ಅಡಿಯಾದರೂ ನೆಲದೊಳಗೆ ಹೋಗಬೇಕು. ಮರದ ಕಂಬವಾದರೆ ಕೆಚ್ಚು ತುಂಬಿದ್ದನ್ನೇ ಆರಿಸಿ; ಹೊರಗಿನ ಬಿಳಿಮರ ಬೇಗ ಕೊಳೆಯುತ್ತದೆ. ಗುಂಡಿಯಲ್ಲಿ ಹಳೆಯ ಮರದ ಚೂರು, ಬೇರು, ಕಸ ಒಂದೂ ಉಳಿಯಬಾರದು. ತೆಗೆದ ಮಣ್ಣನ್ನು ಒಟ್ಟಿಗೆ ಸುರಿದು ಮೇಲಿನಿಂದ ತುಳಿದರೆ ಗಟ್ಟಿಯಾಗುವುದು ಮೇಲಿನ ಪದರ ಮಾತ್ರ. ನಾಲ್ಕೈದು ಅಂಗುಲ ಮಣ್ಣು ಹಾಕಿ, ಹಾರೆಯ ಮೊಂಡು ತುದಿಯಿಂದ ಕಂಬದ ಸುತ್ತ ತಿರುಗುತ್ತ ಕುಟ್ಟಿ; ಗಟ್ಟಿಯಾದ ಮೇಲೆ ಮುಂದಿನ ಪದರ ಹಾಕಿ. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಆದರೆ ಕೈಗೆ ನೀರು ಜಿನುಗಬಾರದು, ಅಷ್ಟು ಹದ ಸಾಕು. ಚೆನ್ನಾಗಿ ಕುಟ್ಟಿದ್ದರೆ, ಕಂಬ ಜಾಗ ತುಂಬಿದ್ದರೂ ತೆಗೆದ ಮಣ್ಣು ಹೆಚ್ಚುಕಡಿಮೆ ಪೂರ್ತಿ ಗುಂಡಿಗೇ ಹಿಡಿಸುತ್ತದೆ. ದೊಡ್ಡ ರಾಶಿ ಹೊರಗೆ ಉಳಿದರೆ ಕುಟ್ಟಿದ್ದು ಸಾಲದು. ಕೊನೆಗೆ ಬುಡಕ್ಕೆ ಮಣ್ಣು ಏರಿಸಿ ನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಕೊಡಿ. ಗದಗ, ವಿಜಯಪುರದ ಎರೆ ಭೂಮಿಯಲ್ಲಿ ಇಷ್ಟಕ್ಕೇ ಮುಗಿಯದು. ಆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡುವುದರಿಂದ, ಕಂಬದ ಸುತ್ತ ಗರಸು ತುಂಬಿ ಕುಟ್ಟುವುದು ಮತ್ತು ಇನ್ನೂ ಅರ್ಧ ಅಡಿ ಆಳಕ್ಕೆ ಇಳಿಸುವುದು ಮೇಲು.

ಸಿಮೆಂಟ್ ಕಾಂಕ್ರೀಟ್ ಸುರಿದರೆ ಈ ತಾಪತ್ರಯವೇ ಇಲ್ಲವಲ್ಲ ಎನ್ನುವವರಿದ್ದಾರೆ. ಕಲ್ಲುಕಂಬಕ್ಕೆ, ಗೇಟಿನ ಕಬ್ಬಿಣದ ಕಂಬಕ್ಕೆ ಅದು ಸರಿ. ಮರ ಹಾಗಲ್ಲ, ಒಣಗಿದಂತೆ ಕುಗ್ಗುತ್ತದೆ. ಆಗ ಕಾಂಕ್ರೀಟಿಗೂ ಮರಕ್ಕೂ ನಡುವೆ ಸಂದು ಬಿದ್ದು ಮಳೆನೀರು ಇಳಿದು ನಿಲ್ಲುತ್ತದೆ. ಮರ ಕೊಳೆತ ಮೇಲೆ ಆ ಕಾಂಕ್ರೀಟ್ ಗಟ್ಟಿಯನ್ನು ಕೀಳುವುದು ಬುಡ ಕೀಳುವುದಕ್ಕಿಂತ ದೊಡ್ಡ ಕೆಲಸ. ಬುಡವನ್ನು ಸುಟ್ಟು ನೆಡುವ ರೂಢಿಯನ್ನೂ ನಂಬಿ ಕೂರುವಂತಿಲ್ಲ: ಸುಡುವುದು ಹೊರಮೈ ಮಾತ್ರ, ಮರ ಸೀಳಿದಲ್ಲಿ ತೇವ ಒಳಕ್ಕೆ ಹೋಗಿಯೇ ಹೋಗುತ್ತದೆ. ಹಳೆಯ ಇಂಜಿನ್ ಆಯಿಲ್ ಬಳಿಯುವುದಂತೂ ಬೇಡವೇ ಬೇಡ, ಅದರಲ್ಲಿರುವ ಲೋಹದ ಅಂಶ ನೀವು ಬೆಳೆ ತೆಗೆಯುವ ಮಣ್ಣಿಗೇ ಸೇರುತ್ತದೆ.

ಗೊಬ್ಬರಗಿಡ ಅಥವಾ ಹಾಲವಾಣದ ಹಸಿ ಗೂಟ ನೆಟ್ಟರೆ ಅದೇ ಚಿಗುರಿ ಕಂಬವಾಗುತ್ತದೆ, ಕೊಳೆಯುವ ಮಾತೇ ಇಲ್ಲ ಎಂಬ ವಾದದಲ್ಲಿ ತೂಕವಿದೆ. ಮಲೆನಾಡಿಗೆ ಇದು ಒಳ್ಳೆಯ ಆಯ್ಕೆ, ಸೊಪ್ಪೂ ಸಿಗುತ್ತದೆ. ಆದರೆ ಬೇರು ಬಿಡುವ ತನಕ ಅದು ತಂತಿಯ ಬಿಗಿ ತಡೆಯದು. ಅಲುಗಾಡಿದರೆ ಎಳೆಯ ಬೇರು ಕಿತ್ತುಹೋಗುತ್ತದೆ. ಮುಂಗಾರು ಹಿಡಿಯುವ ಹೊತ್ತಿಗೆ ನೆಟ್ಟು, ಚಿಗುರು ಬಲಿಯುವವರೆಗೆ ತಂತಿಯನ್ನು ತಾತ್ಕಾಲಿಕ ಗೂಟಕ್ಕೇ ಬಿಟ್ಟಿರಿ. ಮೂಲೆಯ ಕಂಬಕ್ಕೆ ಮಾತ್ರ ಹಸಿ ಗೂಟ ಸಲ್ಲದು. ಎರಡು ದಿಕ್ಕಿನ ಎಳೆತ ಬೀಳುವ ಆ ಜಾಗಕ್ಕೆ ಕಲ್ಲುಕಂಬವನ್ನೇ ನೆಟ್ಟು, ತಂತಿ ಸಾಗುವ ಎರಡೂ ಸಾಲಿನ ಕಡೆಯಿಂದ ಓರೆಯಾಗಿ ಆಸರೆ ಕಂಬ ಕೊಡಿ. ಮೊದಲ ಎರಡು ಜೋರು ಮಳೆ ಕಳೆದ ಮೇಲೆ ಹೊಸ ಕಂಬಗಳ ಬುಡ ನೋಡಿ, ಕುಸಿದಲ್ಲಿ ಮಣ್ಣು ಹಾಕಿ ಮತ್ತೊಮ್ಮೆ ಕುಟ್ಟಿ.