ಕೀಲಿ ಯಾರ ಕೈಯಾಗ ಅದ, ಮೊದಲು ಅದನ್ನ ಕೇಳು

ನೋಡವ್ವಾ, ಈ ಸಲ ವಾರ್ಡಿಗೆ ನಿಲ್ಲಬೇಕೆಂಬ ಆಸೆ ನಿನಗಿದೆ ಅಂತ ಕಿವಿಗೆ ಬಿತ್ತು. ನಿಲ್ಲು. ಓದಿದ್ದೀಯ, ನಾಲ್ಕು ಮಂದಿ ಎದುರು ನಿಂತು ಮಾತಾಡಲು ಅಂಜುವುದಿಲ್ಲ, ಓಣಿಯ ಮುದುಕಿಯರನ್ನೆಲ್ಲ ಹೆಸರು ಹಿಡಿದು ವಿಚಾರಿಸುತ್ತೀಯ. ಆದರೆ ನೀನು ಬರೆದಿಟ್ಟ ಭರವಸೆಗಳ ಹಾಳೆಯನ್ನೂ ನೋಡಿದೆ. ಹೊಸ ಸಮುದಾಯ ಭವನ, ಹೊಸ ಜಿಮ್ಮು, ಹೈಮಾಸ್ಟ್ ದೀಪ, ಓಣಿಯ ಬಾಯಿಗೊಂದು ಮಹಾದ್ವಾರ. ಎಲ್ಲಾ ಹೊಸದೇ. ಇದ್ದದ್ದರ ಹೆಸರು ಒಂದು ಸಾಲಿನಲ್ಲೂ ಇಲ್ಲವಲ್ಲ ತಾಯಿ!

ನಿಮ್ಮ ಓಣಿಯಲ್ಲಿ ಈಗಾಗಲೇ ಒಂದು ಸಮುದಾಯ ಭವನ ಇದೆ. ಅದರ ಕೀಲಿ ಯಾರ ಹತ್ತಿರ ಇದೆ, ಹೇಳು ನೋಡೋಣ. ಗೊತ್ತಿಲ್ಲ ಅಲ್ಲವೇ? ನನಗೆ ಗೊತ್ತು. ಟೆಂಟ್ ಹೌಸಿನವನ ಹತ್ತಿರ ಇದೆ. ಒಳಗೆ ಅವನ ಶಾಮಿಯಾನದ ಕಂಬ, ಸಾವಿರ ಕುರ್ಚಿ, ಅಡುಗೆ ಕೊಪ್ಪರಿಗೆ. ಬಡವರ ಮನೆಯ ಸೀಮಂತಕ್ಕೆ, ತೊಟ್ಟಿಲ ಕಾರ್ಯಕ್ಕೆ ಅಂತ ಕಟ್ಟಿದ ಭವನ ಗೋದಾಮಾಗಿ ವರ್ಷಗಳೇ ಆದವು. ಬಡವರು ರಸ್ತೆಯಲ್ಲಿ ಪೆಂಡಾಲ್ ಹಾಕುತ್ತಾರೆ, ಅದೂ ಅವನ ಹತ್ತಿರವೇ ಬಾಡಿಗೆಗೆ ತಂದು. ನೀನು ಎರಡನೇ ಭವನ ಕಟ್ಟಿಸಿದರೆ ಅವನಿಗೆ ಎರಡನೇ ಗೋದಾಮು ಸಿಗುತ್ತದೆ, ಅಷ್ಟೇ.

ಕಟ್ಟುವುದಕ್ಕೆ ಕೈ ಹಾಕುವವರು ಬಹಳ ಮಂದಿ. ಗುದ್ದಲಿ ಪೂಜೆಗೆ ಶಾಸಕರು ಬರುತ್ತಾರೆ, ಫೋಟೋ ಬರುತ್ತದೆ, ಕಲ್ಲಿನ ಮೇಲೆ ಹೆಸರು ಕೆತ್ತುತ್ತಾರೆ. ಕಾಯುವುದಕ್ಕೆ ಯಾರೂ ಇಲ್ಲ. ಮೆಂಬರ್ ಅಂದರೆ ಕಾಯುವವಳು ಅಂತ ನಾನು ತಿಳಿದಿದ್ದೇನೆ. 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಾಗ ಸಂವಿಧಾನದಲ್ಲಿ ಹನ್ನೆರಡನೇ ಅನುಸೂಚಿ ಅಂತ ಸೇರಿತು. ಅದರಲ್ಲಿ ನಗರಸಭೆ, ಪುರಸಭೆಗಳಿಗೆ ವಹಿಸಬಹುದಾದ 18 ಬಾಬು. ಕುಡಿಯುವ ನೀರು, ಉದ್ಯಾನ, ಆಟದ ಬಯಲು, ಸ್ಮಶಾನ, ಬೀದಿದೀಪ, ಸಾರ್ವಜನಿಕ ಶೌಚಾಲಯ, ಎಲ್ಲಾ ಅದರಲ್ಲಿವೆ. ಒಂದು ಸಲ ಓದಿಕೋ. ಮಹಾದ್ವಾರ ಅದರಲ್ಲಿ ಇಲ್ಲ.

ಊರಿನ ಜಾಗ ಕೈಬಿಟ್ಟು ಹೇಗೆ ಹೋಗುತ್ತದೆ ಗೊತ್ತೇ? ರಾತ್ರೋರಾತ್ರಿ ಯಾರೋ ಗೂಂಡಾ ಬಂದು ಬೇಲಿ ಹಾಕುತ್ತಾನೆ ಅಂದುಕೊಂಡಿದ್ದೀಯ. ಹಾಗೆ ಹೋಗುವುದು ಕಡಿಮೆ. ಮೊದಲು ಪಕ್ಕದ ಮನೆಯವರು ಮನೆ ಕಟ್ಟಿಸುವಾಗ ಪಾರ್ಕಿನ ಜಾಗದಲ್ಲಿ ಒಂದು ಟ್ರ್ಯಾಕ್ಟರ್ ಮರಳು ಹಾಕುತ್ತಾರೆ. ಮರಳು ಕಾಯಲು ವಾಚ್‌ಮನ್ನಿಗೆ ತಗಡಿನ ಶೆಡ್ಡು. ಮನೆ ಮುಗಿದರೂ ಶೆಡ್ಡು ಉಳಿಯುತ್ತದೆ. ಅದರ ಪಕ್ಕದಲ್ಲಿ ಎಮ್ಮೆ ಕಟ್ಟುತ್ತಾರೆ. ಎಮ್ಮೆ ಇದ್ದ ಮೇಲೆ ನೀರು ಬೇಡವೇ, ನಳ ಬರುತ್ತದೆ. ನಳಕ್ಕೆ ರಸೀದಿ, ಕರೆಂಟಿಗೆ ಮೀಟರು. ಐದಾರು ವರ್ಷ ಕಳೆದ ಮೇಲೆ ಆ ರಸೀದಿಗಳನ್ನೆಲ್ಲ ಹಿಡಿದುಕೊಂಡು ಖಾತಾ ಮಾಡಿಕೊಡಿ ಅಂತ ಕಚೇರಿಗೆ ಅರ್ಜಿ. ಒಬ್ಬರೂ ಜಗಳ ಆಡಿರುವುದಿಲ್ಲ. ಎಲ್ಲರೂ ಕಂಡಿರುತ್ತಾರೆ. ‘ಇರ್ಲಿ ಬಿಡ್ರಿ, ನಮ್ಮವ್ರೇ ಅದಾರ’ ಅಂದಿರುತ್ತಾರೆ.

ಆ ‘ನಮ್ಮವರು’ ಅನ್ನುವಲ್ಲೇ ನಿನಗೆ ಕಷ್ಟ ಇರುವುದು, ಕೇಳು. ನಿನ್ನ ಎದುರು ನಿಲ್ಲುವವನು ವಿರೋಧ ಪಕ್ಷದವನಲ್ಲ. ನಿನಗೆ ವೋಟು ಹಾಕಿದ ಕಾಕಾ, ನಿನ್ನ ಮದುವೆಯಲ್ಲಿ ಅಕ್ಕಿಕಾಳು ಹಾಕಿದ ಅತ್ತೆ, ನಿನ್ನ ಪ್ರಚಾರಕ್ಕೆ ಆಟೋ ಕೊಟ್ಟ ಹುಡುಗ. ಮನೆಗೆ ಬರುತ್ತಾರೆ, ಚಹಾ ಕುಡಿಯುತ್ತಾರೆ, ಏಳುವಾಗ ಮೆಲ್ಲಗೆ ‘ಯವ್ವಾ, ಆ ಮೂಲ್ಯಾಗ ಒಂದು ಡಬ್ಬಿ ಅಂಗಡಿ ಇಡ್ತೀನಿ’ ಅನ್ನುತ್ತಾರೆ. ಆಗ ಇಲ್ಲ ಅನ್ನುವುದು ಸಭೆಯಲ್ಲಿ ಗುಡುಗುವುದಕ್ಕಿಂತ ಕಷ್ಟ. ಮೊದಲನೆಯ ಸಲ ಹೂಂ ಅಂದೆಯೋ, ಎರಡನೆಯವನಿಗೆ ಇಲ್ಲ ಅನ್ನಲು ನಿನಗೆ ಬಾಯಿ ಇರುವುದಿಲ್ಲ. ಕಾಯಲಿ ಅಂತ ಕಳಿಸಿದವಳೇ ಹಾಗೆ ಮಾಡಿದರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಹೊಟ್ಟೆಪಾಡಿಗೆ ತಳ್ಳುಗಾಡಿ ನಿಲ್ಲಿಸುವವಳನ್ನು ಮಾತ್ರ ಈ ಲೆಕ್ಕಕ್ಕೆ ತರಬೇಡ. ಅವಳು ಸಂಜೆಗೆ ಗಾಡಿ ತಳ್ಳಿಕೊಂಡು ಹೋಗುತ್ತಾಳೆ, ಕಾಂಪೌಂಡು ಕಟ್ಟುವುದಿಲ್ಲ. ಬೀದಿ ವ್ಯಾಪಾರಿಗಳಿಗೆ ಅಂತಲೇ 2014ರಲ್ಲಿ ಕಾಯ್ದೆ ಆಗಿದೆ. ಅವರಿಗೆ ಜಾಗ ಗುರುತಿಸಿ, ಗುರುತಿನ ಚೀಟಿ ಕೊಡಿಸುವುದೂ ನಿನ್ನ ಕೆಲಸ. ಒತ್ತುವರಿ ತೆರವು ಅಂದ ಕೂಡಲೇ ಜೆಸಿಬಿ ಮೊದಲು ಹೋಗುವುದು ಇಂಥವರ ಗಾಡಿಯ ಮೇಲೆ, ಸಿಮೆಂಟಿನ ಗೋಡೆಯ ಹತ್ತಿರ ಹೋಗುವುದೇ ಇಲ್ಲ. ನನಗೆ ಇದನ್ನು ಕಂಡರೆ ಮೈ ಉರಿಯುತ್ತದೆ.

ಇನ್ನೊಂದು ಥರದವರಿದ್ದಾರೆ, ಒಳ್ಳೆಯ ಕೆಲಸದ ಹೆಸರಿನಲ್ಲಿ ಬರುವವರು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಅಂತ ನಕ್ಷೆಯಲ್ಲಿ ಬಿಟ್ಟ ಜಾಗ ಇತ್ತು. ಮುಖ್ಯಮಂತ್ರಿಗಳ ಸೂಚನೆಯ ಮೇಲೆ ಅದನ್ನು ಆಸ್ಪತ್ರೆ ಕಟ್ಟಲು ಒಂದು ಖಾಸಗಿ ಟ್ರಸ್ಟಿಗೆ ಕೊಟ್ಟರು. ಆಸ್ಪತ್ರೆ ಬೇಡ ಅನ್ನಲು ಯಾರಿಗೆ ಬಾಯಿ ಬರುತ್ತದೆ? ಆದರೂ ಅಲ್ಲಿಯ ನಿವಾಸಿಗಳು ಬೇಡ ಅಂದರು, ಹೈಕೋರ್ಟಿಗೆ ಹೋದರು. ಕೊನೆಗೆ 1991ರಲ್ಲಿ ಸುಪ್ರೀಂ ಕೋರ್ಟು ಅವರ ಕಡೆಗೇ ತೀರ್ಪು ಕೊಟ್ಟಿತು: ಬಯಲು ಜಾಗ ಜನರ ಉಸಿರಾಟಕ್ಕೆ ಇಟ್ಟದ್ದು, ಮುಖ್ಯಮಂತ್ರಿ ಹೇಳಿದರೂ ಅದನ್ನು ಬೇರೆ ಕೆಲಸಕ್ಕೆ ಕೊಡಲಾಗದು. ಮುದ್ದಪ್ಪ ಕೇಸು ಅಂತ ವಕೀಲರು ಇಂದಿಗೂ ಅದನ್ನು ಎತ್ತಿ ತೋರಿಸುತ್ತಾರೆ. ಆ ಜನರನ್ನು ಗೆಲ್ಲಿಸಿದ್ದರಲ್ಲಿ ನಕ್ಷೆಯ ಪಾಲು ದೊಡ್ಡದು. ಪಾರ್ಕು ಅಂತ ಅದರಲ್ಲಿ ಬರೆದಿತ್ತು, ಅವರ ಹತ್ತಿರ ಆ ಕಾಗದ ಇತ್ತು.

ದೇವರ ಹೆಸರಿನಲ್ಲೂ ಬರುತ್ತಾರೆ. ಪಾರ್ಕಿನ ಬೇವಿನ ಮರದ ಬುಡದಲ್ಲಿ ಒಂದು ಕಲ್ಲು, ಆಮೇಲೆ ಕಟ್ಟೆ, ಆಮೇಲೆ ಗುಡಿಯೋ ದರ್ಗಾವೋ. 2009ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ರಸ್ತೆ, ಪಾರ್ಕು, ಸಾರ್ವಜನಿಕ ಜಾಗಗಳಲ್ಲಿ ಹೊಸದಾಗಿ ಯಾವ ಧರ್ಮದ ಕಟ್ಟಡವೂ ಏಳಬಾರದು ಅಂತ ಆದೇಶ ಮಾಡಿದೆ. ಕಲ್ಲು ಇಟ್ಟ ದಿನವೇ ಹೋಗಿ ಕೈಮುಗಿದು ಮಾತಾಡಬೇಕು. ಕಟ್ಟೆ ಎದ್ದ ಮೇಲೆ ಹೋದೆಯೋ, ಮಾತು ಜಾತಿಗೆ ಹೊರಳುತ್ತದೆ, ಪಾರ್ಕಿನ ಮಾತು ಅಲ್ಲಿಗೆ ಸತ್ತಿತು.

ಹಾಗಾದರೆ ಎಲ್ಲಿಂದ ಶುರು ಮಾಡಲಿ ಅಂತೀಯ. ಕಾಲಿನಿಂದ ಶುರು ಮಾಡು. ವಾರ್ಡಿನ ನಕ್ಷೆ ಕೈಯಲ್ಲಿ ಹಿಡಿದು, ಬಿಸಿಲೇರುವ ಮೊದಲೇ ಹೊರಟು, ಸರ್ಕಾರಿ ಜಾಗ ಒಂದೊಂದನ್ನೂ ಸುತ್ತು. ಬಡಾವಣೆ ಮಂಜೂರಾಗುವಾಗ ಉದ್ಯಾನಕ್ಕೆ, ನಾಗರಿಕ ಸೌಲಭ್ಯಕ್ಕೆ ಅಂತ ಜಾಗ ಬಿಡಿಸಿರುತ್ತಾರೆ, ಸಿ.ಎ. ಸೈಟು ಅನ್ನುತ್ತೇವಲ್ಲ, ಅದು. ಬಡಾವಣೆ ಮಾಡಿದವನು ಅದನ್ನು ನಗರಸಭೆಗೋ ಪುರಸಭೆಗೋ ಬರೆದುಕೊಟ್ಟನೇ ಇಲ್ಲವೇ, ಅದನ್ನು ಹುಡುಕು. ಬರೆದುಕೊಡದೆ, ಸೈಟು ನಂಬರಿನ ಹಿಂದೆ ‘ಎ’ ಅಂತ ಒಂದು ಅಕ್ಷರ ಸೇರಿಸಿ ಪಾರ್ಕನ್ನೇ ಮಾರಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಕೊಂಡವನು ಪಾಪದ ಮೇಷ್ಟ್ರು, ಸಾಲ ಮಾಡಿ ಕೊಂಡಿದ್ದ. ಈಗ ಅವನನ್ನು ಎಬ್ಬಿಸಲೂ ಆಗದು, ಬಿಡಲೂ ಆಗದು.

ಭೂಮಾಪಕರನ್ನು ಕರೆಸಿ ಹದ್ದುಬಸ್ತು ಮಾಡಿಸು. ಕಲ್ಲು ನೆಡಿಸು. ಉದ್ಯಾನ, ಆಟದ ಬಯಲು ಕಾಯಲು 1985ರಿಂದಲೂ ನಮ್ಮ ರಾಜ್ಯದಲ್ಲಿ ಪ್ರತ್ಯೇಕ ಕಾಯ್ದೆಯೇ ಇದೆ. ಅದರ ಪ್ರಕಾರ ನಮ್ಮಲ್ಲಿ ಪಟ್ಟಿ ಆಗಿದೆಯೇ ಅಂತ ಕೇಳು. ಇನ್ನೂ ಮೆಂಬರ್ ಆಗಿಲ್ಲವಲ್ಲ ಅಂತ ಕೂರಬೇಡ. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ನಿನಗೆ ಬರೆಯಲು ಕುಳಿತರೆ ಮೂರು ಪುಟ ಬೇಕು, ಆ ಚಾಳಿ ಇಲ್ಲಿ ನಡೆಯುವುದಿಲ್ಲ.

ಗೆದ್ದ ಮೇಲೆ ಸಭೆಯ ಮಾತು. ನಮ್ಮ ಜಿಲ್ಲೆಯ ಮಾನ್ವಿ, ದೇವದುರ್ಗದಂಥ ಊರುಗಳ ಸಭೆಗಳು 1964ರ ಕಾಯ್ದೆಯಲ್ಲಿ ನಡೆಯುತ್ತವೆ. ರಾಯಚೂರು ಈಗ ಮಹಾನಗರ ಪಾಲಿಕೆಯಾಯಿತು, ಅದಕ್ಕೆ 1976ರ ಕಾಯ್ದೆ. ಕಾಯ್ದೆ ಯಾವುದಾದರೂ ಸಭೆಯ ಚಂದ ಒಂದೇ. ವಿಷಯಸೂಚಿಯ ಮೊದಲ ಪುಟದಲ್ಲಿ ಕಸ, ಚರಂಡಿ, ದೀಪ ಇರುತ್ತವೆ. ಅದರ ಮೇಲೆ ಎಲ್ಲರೂ ಮೇಜು ಕುಟ್ಟುತ್ತಾರೆ. ನೀನು ಕೊನೆಯ ಸಾಲು ನೋಡು: ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು’. ಊಟದ ಹೊತ್ತಾಗಿರುತ್ತದೆ, ಅರ್ಧ ಮಂದಿ ಸಹಿ ಹಾಕಿ ಎದ್ದು ಹೋಗಿರುತ್ತಾರೆ. ಸಿ.ಎ. ಸೈಟು ಯಾವುದೋ ಸಂಸ್ಥೆಗೆ ಲೀಸಿಗೆ ಕೊಡುವ ಠರಾವು ಬರುವುದು ಆಗ. ಮರುದಿನ ನಡಾವಳಿಯಲ್ಲಿ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಅಂತ ಇರುತ್ತದೆ. ಆ ಸರ್ವರಲ್ಲಿ ನೀನೂ ಒಬ್ಬಳು! ಅದಕ್ಕೇ ಕೊನೆಯವರೆಗೆ ಕೂತಿರು. ಬೇಡ ಅನ್ನಿಸಿದರೆ ‘ನನ್ನ ವಿರೋಧ ನಡಾವಳಿಯಲ್ಲಿ ದಾಖಲಾಗಲಿ’ ಅಂತ ಹೇಳು, ಬರೆದೂ ಕೊಡು, ಪ್ರತಿಗೆ ಠಸ್ಸೆ ಹೊಡೆಸಿಕೋ. ಕಾನೂನಿಗೆ ವಿರುದ್ಧವಾದ ಠರಾವನ್ನು ತಡೆಯುವ ದಾರಿ ಮೇಲಿನವರಿಗೆ ಇದೆ, ಆದರೆ ಹಿಡಿದುಕೊಂಡು ಹೋಗಲು ಅವರಿಗೂ ಒಂದು ಕಾಗದ ಬೇಕು. ನೀನು ಕೂಗಾಡಿದ ವಿಡಿಯೋ ವಾಟ್ಸಾಪಿನಲ್ಲಿ ಒಂದು ದಿನ ಓಡುತ್ತದೆ. ನಡಾವಳಿ ಪುಸ್ತಕ ಮಾತ್ರ ಕಚೇರಿಯಲ್ಲೇ ಉಳಿಯುತ್ತದೆ.

ಮತ್ತೆ, ಸಭೆಗೆ ನೀನೇ ಹೋಗು. ಊರಿನ ಕುರ್ಚಿಗಳಲ್ಲಿ ಅರ್ಧ ಹೆಣ್ಣುಮಕ್ಕಳಿಗೆ ಮೀಸಲು. ಆದರೂ ಹೆಂಡತಿ ಗೆದ್ದರೆ ಗಂಡನನ್ನು ‘ಮೆಂಬರ್ ಸಾಹೇಬ್ರು’ ಅಂತ ಕರೆಯುವ ರೂಢಿ ನಮ್ಮ ಕಡೆ ಹೋಗಿಲ್ಲ. ನಿನ್ನ ಗಂಡ ಒಳ್ಳೆಯ ಹುಡುಗ, ನಾನು ಬಲ್ಲೆ. ಅವನು ಗಾಡಿಯಲ್ಲಿ ಬಿಟ್ಟುಬರಲಿ, ಬಾಗಿಲ ಹೊರಗಿರಲಿ. ಸಹಿ ನಿನ್ನದು, ಕೇಸು ಬಿದ್ದರೂ ನಿನ್ನದೇ.

ಕುರ್ಚಿ ಸಿಕ್ಕ ಮೇಲೆ ಕೆಲಸ ಅಂತಲೂ ಕಾಯಬೇಡ. 2018ರ ಆಗಸ್ಟಿನಲ್ಲಿ ರಾಯಚೂರಿನ 35, ಮಾನ್ವಿಯ 27, ದೇವದುರ್ಗದ 23 ವಾರ್ಡುಗಳಲ್ಲಿ ಮತದಾನ ನಡೆಯಿತು. ಗೆದ್ದವರು ಗುಲಾಲು ಎರಚಿಕೊಂಡರು. ಆದರೆ ಅಧ್ಯಕ್ಷ ಸ್ಥಾನದ ಮೀಸಲಾತಿ ಕೋರ್ಟಿಗೆ ಹೋಗಿ, ರಾಜ್ಯದಲ್ಲೆಲ್ಲ 2020ರ ಕೊನೆಯವರೆಗೆ ಆಡಳಿತಾಧಿಕಾರಿಯದೇ ಕಾರುಬಾರು. ಅಧ್ಯಕ್ಷರ ಮೊದಲ ಅವಧಿ ಮುಗಿದ ಮೇಲೆ ಮತ್ತೆ ಹಾಗೇ, 2024ರ ಆಗಸ್ಟಿನವರೆಗೆ ಮೀಸಲಾತಿ ಪಟ್ಟಿಯ ದಾರಿ ಕಾಯ್ದರು. ಅಷ್ಟು ದಿನ ಬಹಳ ಮಂದಿ ಮೆಂಬರುಗಳು ‘ನಮಗೇನು ಪವರ್ ಐತ್ರಿ’ ಅಂತ ಕೈಕಟ್ಟಿ ಕೂತರು. ಮರಳು ಹಾಕುವವರು ಕೂರಲಿಲ್ಲ. ವಾರ್ಡು ಸುತ್ತಲು, ಅರ್ಜಿ ಕೊಡಲು, ಕೀಲಿ ಕೇಳಲು ಪವರ್ ಯಾಕೆ ಬೇಕು?

ಕಾಯುವುದು ಬರೀ ನೆಲವನ್ನಲ್ಲ, ಅದನ್ನೂ ತಿಳಿ. 2022ರ ಮೇ ಕೊನೆಗೆ ರಾಯಚೂರಿನಲ್ಲಿ ಆದದ್ದು ನಿನಗೆ ನೆನಪಿದೆ. ನಳದ ನೀರು ಕುಡಿದು ನೂರಾರು ಮಂದಿ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಕೆಲವರ ಜೀವವೇ ಹೋಯಿತು. ಮರುವರ್ಷ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಕಲುಷಿತ ನೀರು ಒಂದು ಮಗುವನ್ನು ತಿಂದಿತು. ಒಂದು ಮಗ್ಗುಲಿಗೆ ಕೃಷ್ಣೆ, ಇನ್ನೊಂದು ಮಗ್ಗುಲಿಗೆ ತುಂಗಭದ್ರೆ ಇರುವ ಜಿಲ್ಲೆಯವರು ನಾವು. ರಾಯಚೂರಲ್ಲಿ ಕೆರೆ ಇತ್ತು, ಶುದ್ಧೀಕರಣ ಘಟಕ ಇತ್ತು, ಪೈಪು ಇತ್ತು. ಉದ್ಘಾಟನೆ ಆದ ಮೇಲೆ ಅದರೊಳಗೆ ಇಣುಕಿ ನೋಡುವವರು ಕಡಿಮೆಯಾದರು. ನಿನ್ನ ವಾರ್ಡಿನ ಟ್ಯಾಂಕು ತೊಳೆದ ತಾರೀಖನ್ನು ಟ್ಯಾಂಕಿನ ಮೇಲೇ ಬಣ್ಣದಲ್ಲಿ ಬರೆಸು. ತಿಂಗಳಿಗೊಮ್ಮೆ ಕೊಳವೆಯ ಕೊಟ್ಟಕೊನೆಯ ಮನೆಯ ನಳದ ಹತ್ತಿರ ಹೋಗಿ, ಸಿಬ್ಬಂದಿಯಿಂದ ಎದುರಿಗೇ ಕ್ಲೋರಿನ್ ನೋಡಿಸು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಅಲ್ಲೂ ಉಳಿದಿರಬೇಕು. ಟ್ಯಾಂಕಿನ ಹತ್ತಿರದ ಮನೆಯಲ್ಲಿ ನೋಡಿ ಬಂದೆ ಅಂತ ನನಗೆ ಹೇಳಬೇಡ.

ಗ್ರಂಥಾಲಯಕ್ಕೂ ಹೋಗು. ಆಸ್ತಿ ತೆರಿಗೆ ಕಟ್ಟುವಾಗ ಅದರ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಕೊಡುತ್ತೇವೆ. ಅದನ್ನು ವಸೂಲಿ ಮಾಡಿ ಗ್ರಂಥಾಲಯಕ್ಕೆ ಕಟ್ಟದೆ ಬಾಕಿ ಉಳಿಸಿಕೊಳ್ಳುವುದು ಸ್ಥಳೀಯ ಸಂಸ್ಥೆಗಳ ಹಳೆಯ ರೋಗ. ಎಷ್ಟು ಬಂತು, ಎಷ್ಟು ಕಟ್ಟಿದಿರಿ ಅಂತ ಸಭೆಯಲ್ಲಿ ಒಂದೇ ಪ್ರಶ್ನೆ ಹಾಕು.

ಜನ ಬಳಸುವ ಜಾಗಕ್ಕೆ ಯಾರೂ ಸುಲಭಕ್ಕೆ ಕೈ ಹಾಕುವುದಿಲ್ಲ. ಕಾರಹುಣ್ಣಿಮೆಗೆ ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ಎತ್ತು ಕಲ್ಲೆಳೆಯುವಾಗ ಸೇರುವ ಮಂದಿಯನ್ನು ನೋಡು. ಅಂಥ ಬಯಲನ್ನು ಕೇಳುವ ಧೈರ್ಯ ಯಾರಿಗಿದೆ? ನಿನ್ನ ಓಣಿಯ ಖಾಲಿ ಜಾಗದಲ್ಲಿ ಬೆಳಿಗ್ಗೆ ಹುಡುಗರು ಕ್ರಿಕೆಟ್ ಆಡಲಿ, ಸಂಜೆ ಅಜ್ಜಿಯರು ಕಟ್ಟೆಗೆ ಬಂದು ಕೂರಲಿ. ಮೊದಲು ಎರಡು ಬೇವು, ಒಂದು ಹೊಂಗೆ ನೆಟ್ಟು ನೀರು ಹಾಕಿಸು. ಮೇ ತಿಂಗಳ ನಮ್ಮ ಬಿಸಿಲಿಗೆ ನೆರಳಿಲ್ಲದ ಪಾರ್ಕಿನಲ್ಲಿ ನಾಯಿಯೂ ನಿಲ್ಲುವುದಿಲ್ಲ. ಲಕ್ಷಾಂತರ ಸುರಿದು ಕಾರಂಜಿ ಮಾಡಿಸಿ, ಸುತ್ತ ಗ್ರಿಲ್ಲು ಹಾಕಿ, ಗೇಟಿಗೆ ಕೀಲಿ ಜಡಿದ ಪಾರ್ಕು ಯಾರಿಗಾಗಿ? ಗೇಟು ತೆರೆಯುವ ಹೊತ್ತು, ಮುಚ್ಚುವ ಹೊತ್ತು ಗೋಡೆಗೆ ಬರೆಸು. ಭವನದ ಕೀಲಿ ಕಚೇರಿಯಲ್ಲಿರಲಿ, ಬಾಡಿಗೆಗೆ ರಸೀದಿ ಇರಲಿ, ರಸೀದಿ ಪುಸ್ತಕವನ್ನು ನೀನೇ ತಿರುವಿ ನೋಡು.

ಟೆಂಟ್ ಹೌಸಿನವನ ಹತ್ತಿರ ಹೋಗುವಾಗ ಜಗಳಕ್ಕೆ ಹೋಗಬೇಡ. ನೀನು ಸಿಟ್ಟಿನವಳು, ಬಾಗಿಲಲ್ಲೇ ಶುರು ಮಾಡುತ್ತೀಯ. ಒಳಗೆ ಹೋಗಿ ಕೂತು, ಅವನ ಮಕ್ಕಳ ಓದಿನ ಸುದ್ದಿ ಕೇಳು. ಸಾಮಾನು ತೆಗೆಯಲು ಒಂದು ತಿಂಗಳು ಗಡುವು ಕೊಡು, ಗಡುವನ್ನು ಕಚೇರಿಯ ನೋಟಿಸಿನಲ್ಲೇ ಕೊಡಿಸು. ತಿಂಗಳಾದ ಮರುದಿನ ಬೆಳಿಗ್ಗೆ ಅಲ್ಲಿ ನಿಂತಿರು.

ವಾರ್ಡಿನ ಮೀಸಲಾತಿ ಚುನಾವಣೆಗೊಮ್ಮೆ ತಿರುಗುತ್ತದೆ. ಐದು ವರ್ಷ ಕಳೆದ ಮೇಲೆ ನಿನ್ನ ವಾರ್ಡು ನಿನ್ನದಾಗಿ ಉಳಿಯದೇ ಇರಬಹುದು, ನೀನೇ ಸೋಲಲೂಬಹುದು. ಆದ್ದರಿಂದ ಮೊದಲ ದಿನದಿಂದಲೇ ಒಂದು ಫೈಲು ಮಾಡು: ನಕ್ಷೆ, ಹದ್ದುಬಸ್ತಿನ ಪ್ರತಿ, ನಾಲ್ಕೂ ಮೂಲೆಯ ಕಲ್ಲಿನ ಫೋಟೋ, ನೀನು ಕೊಟ್ಟ ಅರ್ಜಿ, ಬಂದ ಉತ್ತರ. ಹೊಸ ಮೆಂಬರ್ ನಿನ್ನನ್ನು ಸೋಲಿಸಿದವನೇ ಆಗಿರಲಿ, ನಿನ್ನ ಮೇಲೆ ಇಲ್ಲದ್ದು ಹೇಳಿ ಗೆದ್ದವನೇ ಆಗಿರಲಿ, ಆ ಫೈಲು ಹಿಡಿದು ಅವನ ಮನೆಗೆ ಹೋಗು. ಎರಡು ಪ್ರತಿ ಮಾಡಿಸು. ಒಂದನ್ನು ಅವನ ಕೈಗೆ ಕೊಟ್ಟು, ಇನ್ನೊಂದರ ಮೇಲೆ ಮುಟ್ಟಿತು ಅಂತ ತಾರೀಖು ಹಾಕಿ ಸಹಿ ಮಾಡಿಸಿಕೊಂಡು ಬಾ.