ಅನಿಲಿನ್: ಹೆಸರಿನ ಮೂಲ

ಬೆಂಜೀನ್ ಉಂಗುರಕ್ಕೆ ಅಮೈನೊ ಗುಂಪೊಂದು ಸೇರಿ ಉಂಟಾಗುವ ಅನಿಲಿನ್ ಎಂಬ ಸಾವಯವ ಸಂಯುಕ್ತವನ್ನು 1826ರಲ್ಲಿ ಒಟ್ಟೊ ಉನ್‌ಫರ್ಡಾರ್ಬೆನ್ ನೀಲಿವರ್ಣಕದಿಂದ ಬೇರ್ಪಡಿಸಿ ‘ಕ್ರಿಸ್ಟಲಿನ್’ ಎಂದೂ, 1834ರಲ್ಲಿ ಫ್ರೀಡ್ಲೀಬ್ ರುಂಗೆ ಕಲ್ಲಿದ್ದಲಿನ ಡಾಂಬರಿನಿಂದ ಪಡೆದು ‘ಕಯಾನೋಲ್’ ಎಂದೂ ಕರೆದರು. ಇವೆಲ್ಲವೂ ಒಂದೇ ವಸ್ತುವೆಂದು 1843ರಲ್ಲಿ ಹಾಫ್‌ಮನ್ ಸಾಧಿಸಿದ ಬಳಿಕ ಉಳಿದದ್ದು, 1840ರ ಸುಮಾರಿಗೆ ನೀಲಿಯನ್ನು ಪ್ರಬಲ ಕ್ಷಾರದೊಡನೆ ಕಾಯಿಸಿ ಅದೇ ಎಣ್ಣೆಯಂಥ ದ್ರವವನ್ನು ಪಡೆದಿದ್ದ ಫ್ರಿಟ್ಸ್‌ಷೆ ಇಟ್ಟ ‘ಅನಿಲಿನ್’ ಎಂಬ ಹೆಸರು.

ನೀಲಿಗಿಡವನ್ನೂ ಅದರ ಬಣ್ಣವನ್ನೂ ಸೂಚಿಸುವ ಪೋರ್ಚುಗೀಸಿನ ‘ಅನಿಲ್’ ಇದರ ಮೂಲ. ಅದು ಅರಬ್ಬಿಯ ‘ಅನ್-ನೀಲ್’ ಎಂಬುದರಿಂದ ಬಂದಿದ್ದು, ಇಲ್ಲಿನ ‘ಅನ್’ ನಾಮಪದಕ್ಕೆ ಮೊದಲು ಬರುವ ನಿರ್ದೇಶಕ ಉಪಪದ ‘ಅಲ್’ನ ಸಂಧಿರೂಪವಾದರೆ, ‘ನೀಲ್’ ಪರ್ಷಿಯನ್ನಿನ ಮೂಲಕ ಸಂಸ್ಕೃತದ ‘ನೀಲ’ಕ್ಕೆ ಸೇರುತ್ತದೆ. ಆದ್ದರಿಂದ ಕನ್ನಡದ ‘ನೀಲಿ’ಯೂ ಜರ್ಮನ್ ಭಾಷೆಯ ಈ ಪಾರಿಭಾಷಿಕ ಪದವೂ ನಿಜವಾಗಿ ಒಂದೇ ಬೇರಿನವು. ಗಾಳಿಯನ್ನು ಸೂಚಿಸುವ ‘ಅನಿಲ’ಕ್ಕೂ ಇದಕ್ಕೂ ಸಂಬಂಧವಿಲ್ಲವೆಂಬುದನ್ನು ಓದುಗರು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಧ್ವನಿಸಾಮ್ಯವು ಸುಲಭವಾಗಿ ದಾರಿತಪ್ಪಿಸುತ್ತದೆ. 1865ರಲ್ಲಿ ಸ್ಥಾಪನೆಯಾಗಿ, 1897ರಲ್ಲಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದು ಭಾರತದ ನೀಲಿ ಬೇಸಾಯಕ್ಕೆ ಭಾರಿ ಪೆಟ್ಟು ಕೊಟ್ಟ ಬಿಎಎಸ್‌ಎಫ್ ಎಂಬ ರಾಸಾಯನಿಕ ಸಂಸ್ಥೆಯ ಹೆಸರಿನಲ್ಲಿರುವ ‘ಎ’ ಅಕ್ಷರವೂ ಅನಿಲಿನನ್ನೇ ಸೂಚಿಸುತ್ತದೆ.