ಮಸೂರವೂ ದೂರವೂ

ವನ್ಯಮೃಗಗಳನ್ನೂ ವನವಾಸಿಗಳ ಬಾಳನ್ನೂ ಒಂದೇ ಪ್ರವಾಸದಲ್ಲಿ ಚಿತ್ರಿಸಿಕೊಳ್ಳಲು ಹಲವರು ಕ್ಯಾಮೆರಾ ಹಿಡಿದು ಆಫ್ರಿಕಾಕ್ಕೆ ಹೋಗುವರು. ಅಂತರಸನಹಳ್ಳಿಯ ವಿದ್ಯಾರ್ಥಿಗೆ ಅಷ್ಟು ದೂರದ ಪಯಣ ಬೇಕಿಲ್ಲ. ನಮ್ಮ ಜಿಲ್ಲೆಯದೇ ಆದ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ. 2007ರಿಂದ ಅದು ಸಂರಕ್ಷಿತ ಪ್ರದೇಶ.

ವಸ್ತುವಿನ ಎತ್ತರವನ್ನು ಮಸೂರದ ನಾಭಿದೂರದಿಂದ ಗುಣಿಸಿ, ವಸ್ತುವಿನ ದೂರದಿಂದ ಭಾಗಿಸಿದರೆ ಬಿಂಬದ ಎತ್ತರವು ಸ್ಥೂಲವಾಗಿ ದೊರೆಯುವುದು. 80 ಸೆಂಟಿಮೀಟರ್ ಎತ್ತರದ ಮೃಗವು 100 ಮೀಟರ್ ಆಚೆ ನಿಂತಿದೆಯೆನ್ನೋಣ. 50 ಮಿಲಿಮೀಟರ್ ನಾಭಿದೂರದ ಮಸೂರವು ಕೊಡುವ ಬಿಂಬ 0.4 ಮಿಲಿಮೀಟರ್, ಬರಿಯ ಚುಕ್ಕೆ! 400 ಮಿಲಿಮೀಟರಿನದು 3.2 ಮಿಲಿಮೀಟರ್ ಬಿಂಬವನ್ನು ಕೊಡುವುದು. ಸಮೀಪಿಸಿದರೆ ಮೃಗವು ಓಡುವುದರಿಂದ ಈ ಉದ್ದನೆಯ ಮಸೂರವೇ ಗತಿ. ಮಧ್ಯಾಹ್ನದಲ್ಲಾದರೋ ಕಾದ ನೆಲದ ಮೇಲಣ ಗಾಳಿಯು ಕಿರಣಗಳನ್ನು ಅಡ್ಡಾದಿಡ್ಡಿ ಬಾಗಿಸಿ ಚಿತ್ರವನ್ನು ಕದಡುವುದು, ಮುಂಜಾವವೇ ಲೇಸು.

ಮನುಷ್ಯರ ವಿಷಯ ಬೇರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ ಮರೆಯಿಂದ ಉದ್ದನೆಯ ಮಸೂರವನ್ನು ಚಾಚುವುದು ನನಗೆ ಸರಿಕಾಣದು. ಜೇನು, ನೆಲ್ಲಿಕಾಯಿಗಳನ್ನು ಸಂಗ್ರಹಿಸುತ್ತ ಬಾಳಿದ ಆ ಜನರಿಗೆ ಕಾಡಿನ ಮೇಲಣ ಸಾಮುದಾಯಿಕ ಹಕ್ಕು 2011ರಲ್ಲಿ ಮಾನ್ಯವಾಯಿತು. ಅಲ್ಲಿ ನಾವೇ ಅತಿಥಿಗಳು. ಒಪ್ಪಿಗೆ ಪಡೆದು 4 ಮೀಟರ್ ಸಮೀಪದಲ್ಲಿ ನಿಂತರೆ, 1.6 ಮೀಟರ್ ಎತ್ತರದ ವ್ಯಕ್ತಿಯ ಬಿಂಬವನ್ನು ಆ 50 ಮಿಲಿಮೀಟರಿನ ಮಸೂರವೇ 20 ಮಿಲಿಮೀಟರ್ ಮಾಡಿಕೊಡುವುದು. 24 ಮಿಲಿಮೀಟರ್ ಎತ್ತರದ ಚೌಕಟ್ಟಿನಲ್ಲಿ ಹಿಂದಣ ಮನೆಗೂ ಮರಕ್ಕೂ ಎಡೆ ದೊರೆಯುವುದು.